ಎಳೆ ಹರಿದರೆ ಮಗ್ಗ ನಿಲ್ಲಬೇಕು

ಮಗನು ಇಂಜಿನಿಯರಿಂಗ್ ಓದುತ್ತಿರುವನೆಂದು ಹೇಳಿಕೊಳ್ಳುವ ತಂದೆತಾಯಿಗಳು ನಮ್ಮ ಬೆಳಗಾವಿಯಲ್ಲಿ ವಿರಳರಲ್ಲ. 1979ರಿಂದ ಈ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿರುವವು. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಧಾನ ಕಚೇರಿಯೂ ಇಲ್ಲಿಯದೇ. ಆದರೆ ಕೊನೆಯ ವರ್ಷದಲ್ಲಿ ಹುಡುಗನು ಮನೆಗೆ ಬಂದು, "ಕೆಲವು ತಿಂಗಳು ಕಾರಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕಾಗಿದೆ" ಎಂದಾಗ ಮಾತ್ರ ಹಿರಿಯರು ಕಕ್ಕಾಬಿಕ್ಕಿಯಾಗುವರು. ಸಂಬಳವುಂಟೋ? ಊಟ ವಸತಿಗಳ ಖರ್ಚು ಯಾರದು? ಅಷ್ಟು ದಿವಸ ದುಡಿದು ಕೈಗೆ ಬರುವದೇನು? ಪ್ರಶ್ನೆಗಳು ನ್ಯಾಯವಾದವುಗಳೇ.

ವಸ್ತು ಹೊಸದೇನಲ್ಲ, ಹೆಸರು ಮಾತ್ರ ಹೊಸದು. ನಮ್ಮ ಹಿರಿಯರು ಇದನ್ನು ಉಮೇದುವಾರಿ ಎಂದರು. ಅಕ್ಕಸಾಲಿಗನ ಅಂಗಡಿಯಲ್ಲಿ ಹುಡುಗನು ವರ್ಷಗಟ್ಟಲೆ ಕುಲುಮೆ ಊದಿದ ಮೇಲೆಯೇ ಅವನ ಕೈಗೆ ಚಿಮಟ ಬರುತ್ತಿತ್ತು. ಈಗ ಹಣ ತೆತ್ತರೆ ಮನೆಯಲ್ಲಿ ಕುಳಿತವನಿಗೂ ಪ್ರಮಾಣಪತ್ರ ಕೊಡುವ ಉಮೇದುವಾರಿಗಳೂ ಹುಟ್ಟಿಕೊಂಡಿರುವವು. ಅವುಗಳ ಮಾತು ಇಲ್ಲಿ ಬೇಡ. ನಿಜವಾಗಿ ಕಾರಖಾನೆಯ ನೆಲದ ಮೇಲೆ ನಿಂತು ಬಂದ ಒಬ್ಬ ವಿದ್ಯಾರ್ಥಿಯ ಅನುಭವವನ್ನಷ್ಟೇ ವಾಚಕರ ಮುಂದಿಡುವೆನು.

ಈ ಹುಡುಗನು ಶಹಾಪುರದವನು, ನಮ್ಮ ನೆರೆಯವನು. 1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಈ ಪೇಟೆಯ ಸೀರೆಗೆ ಹಿಂದಿನಿಂದಲೂ ಹೆಸರುಂಟು. ಶಹಾಪುರ, ವಡಗಾಂವಿ, ಖಾಸಬಾಗಗಳ ಓಣಿಗಳಲ್ಲಿ ಇಂದಿಗೂ ನಡೆದುಹೋಗುವವನ ಕಿವಿಗೆ ಮಗ್ಗದ ಸಪ್ಪಳ ತಪ್ಪುವದಿಲ್ಲ. ಇವನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು; ತಂದೆ ಮಗ್ಗ ನಡೆಯಿಸುವರು, ತಾಯಿ ಕಂಡಿಕೆ ಸುತ್ತುವರು. ಮಗನು ಮೆಕ್ಯಾನಿಕಲ್ ಶಾಖೆಯ ವಿದ್ಯಾರ್ಥಿ. ಅವನಿಗೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ ಮೋಟಾರು ಕಾರಖಾನೆಯಲ್ಲಿ ಅವಕಾಶ ದೊರೆಯಿತು. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಮೂವತ್ತು ಕಿಲೋಮೀಟರಿನಾಚೆ 432 ಎಕರೆ ಭೂಮಿಯ ಮೇಲಿರುವ ಈ ಕಾರಖಾನೆಯಿಂದ ಮೊದಲ ಗಾಡಿ ಹೊರಬಿದ್ದದ್ದು 1999ರ ಡಿಸೆಂಬರಿನಲ್ಲಿ. ರಾತ್ರಿಯ ರಾಣಿ ಚೆನ್ನಮ್ಮ ರೈಲಿನಲ್ಲಿ ಹುಡುಗನನ್ನು ಹತ್ತಿಸಿ ಬಂದ ತಂದೆಗೆ ಆ ವಾರ ಒಂದು ಮಗ್ಗ ಖಾಲಿ ನಿಂತಿತು. ಸಹಾಯಕ್ಕಿದ್ದ ಕೈ ಅದೇ ಆಗಿತ್ತು.

ಆ ಫಲಕದ ಮೇಲಿನ ಎರಡನೆಯ ಹೆಸರು ನಮ್ಮ ಊರಿನದೇ ಎಂಬುದನ್ನು ಬೆಳಗಾವಿಯ ಎಷ್ಟು ಮಂದಿ ನೆನೆಯುವರೋ! ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಅಣ್ಣನೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಇವೆರಡೂ ಇಲ್ಲಿಯೇ ಹುಟ್ಟಿದವು. ಮುಂದೆ ನಗರಸಭೆಗೆ ಅವರ ಜಾಗ ಬೇಕಾಯಿತು. 1910ರಲ್ಲಿ ಅವರು ಔಂಧ ಸಂಸ್ಥಾನದ ಬರಡು ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಬೆಳಗಾವಿ ಅಂದು ಕಳೆದುಕೊಂಡದ್ದು ಎಷ್ಟೆಂಬುದನ್ನು ಲೆಕ್ಕ ಹಾಕಿದವರಿಲ್ಲ. ಅವರ ನಾಲ್ಕನೆಯ ತಲೆಮಾರಿನ ವಿಕ್ರಮ ಕಿರ್ಲೋಸ್ಕರರು ಜಪಾನಿನ ಟೊಯೊಟಾದವರ ಕೈಹಿಡಿದದ್ದರಿಂದ 1997ರಲ್ಲಿ ಬಿಡದಿಯ ಕಂಪನಿ ಹುಟ್ಟಿತು.

ಇನ್ನು ಮೊದಲನೆಯ ಹೆಸರು. ಶಹಾಪುರದ ಹುಡುಗನನ್ನು ಬೆರಗುಗೊಳಿಸಿದ್ದು ಇದೇ. ಮೋಟಾರಿಗೆ ಮುಂಚೆ ಈ ಮನೆತನದವರು ಮಾಡಿದ್ದು ಮಗ್ಗವನ್ನು! ಲಕ್ಷ್ಮಣರಾಯರಿಗಿಂತ ಎರಡೇ ವರ್ಷ ಹಿರಿಯರಾದ ಸಾಕಿಚಿ ಟೊಯೊಡಾ ಒಬ್ಬ ಬಡಿಗನ ಮಗ. ತಾಯಿ ಮನೆಯಲ್ಲಿ ಕೈಮಗ್ಗ ನೇಯುತ್ತಿದ್ದರು. ಆ ಶ್ರಮವನ್ನು ಕಂಡ ಮಗನು 1890ರಲ್ಲಿ ಮರದ ಮಗ್ಗವನ್ನು ಸುಧಾರಿಸಿದನು. ನಂತರ ಯಂತ್ರದ ಮಗ್ಗಕ್ಕೆ ಕೈಹಾಕಿದನು. 1924ರಲ್ಲಿ ಪೂರ್ಣಗೊಂಡ ಅವನ ಮಗ್ಗದಲ್ಲಿ ಲಾಳಿಯ ನೂಲು ತೀರಿದರೆ ಹೊಸ ಲಾಳಿ ತಾನೇ ಬರುತ್ತಿತ್ತು. ಎಳೆಯೊಂದು ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಹಾಸಿನ ಪ್ರತಿಯೊಂದು ಎಳೆಯ ಮೇಲೆ ಉಕ್ಕಿನ ತೆಳುವಾದ ಪಟ್ಟಿಯೊಂದು ತೂಗುತ್ತಿರುವದು. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆ, ಹರಿದೊಡನೆ ಕೆಳಗೆ. ಬಿದ್ದ ಪಟ್ಟಿ ಮಗ್ಗವನ್ನು ತಡೆಯುವದು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯು ಒಂದು ಲಕ್ಷ ಪೌಂಡು ಕೊಟ್ಟು ಇದರ ಹಕ್ಕನ್ನು ಕೊಂಡಿತು. ಮಗ ಕಿಯಿಚಿರೊ ಮೋಟಾರಿನ ಕಡೆಗೆ ತಿರುಗಿದನು. 1937ರಲ್ಲಿ ಟೊಯೊಟಾ ಮೋಟಾರು ಕಂಪನಿ ಸ್ಥಾಪಿತವಾಯಿತು. ಅದರ ಕಾರ್ಯಪದ್ಧತಿಯನ್ನು ರೂಪಿಸಿದ ತಾಯಿಚಿ ಓನೊ ಎಂಬವನೂ 1932ರಲ್ಲಿ ಆ ಮನೆತನದ ನೂಲು-ನೇಯ್ಗೆಯ ಗಿರಣಿಗೆ ಸೇರಿ ಅಲ್ಲಿಂದ ಮೋಟಾರಿಗೆ ಬಂದವನು.

ಮೋಟಾರು ಕಾರಖಾನೆಯ ವೈಭವವನ್ನು ವರ್ಣಿಸುತ್ತ ಕೂಡ್ರುವದಿಲ್ಲ. ಉಕ್ಕಿನ ತಗಡು ಅಚ್ಚಿನಲ್ಲಿ ಒತ್ತಲ್ಪಟ್ಟು, ಬೆಸುಗೆಗೊಂಡು, ಬಣ್ಣ ತಳೆದು, ಕಡೆಗೆ ಸಾಲಾಗಿ ಮೆಲ್ಲನೆ ಸರಿಯುತ್ತ ಒಂದೊಂದೇ ಅಂಗವನ್ನು ಪಡೆಯುವದು. ಆ ಸಾಲಿಗೆ ತಾಳವುಂಟು. ದಿನದ ಕೆಲಸ 450 ನಿಮಿಷ, ಬೇಕಾದ ಗಾಡಿ 300 ಎಂದಿಟ್ಟುಕೊಳ್ಳಿರಿ. ಒಂದೂವರೆ ನಿಮಿಷಕ್ಕೆ ಒಂದು ಗಾಡಿ ಮುಂದೆ ಸರಿಯಲೇಬೇಕು. ನಮ್ಮ ವಿದ್ಯಾರ್ಥಿಗೆ ಯಾರೂ ತಿರುಪು ಬಿಗಿಯಲು ಹೇಳಲಿಲ್ಲ. ಒಂದು ಗಡಿಯಾರ, ಒಂದು ವಹಿ ಕೊಟ್ಟು, ಒಂದು ಸ್ಥಳದಲ್ಲಿ ನಿಂತು ನೋಡಿ ಬರೆಯೆಂದರು. ಓನೊ ನೆಲದ ಮೇಲೆ ಸೀಮೆಸುಣ್ಣದಿಂದ ವರ್ತುಲ ಬರೆದು ಶಿಷ್ಯರನ್ನು ಅದರೊಳಗೆ ದಿನವಿಡೀ ನಿಲ್ಲಿಸುತ್ತಿದ್ದನೆಂದು ಹೇಳುವರು. ಮೊದಲ ವಾರ ಕಾಲು ನೋವು ಬಿಟ್ಟರೆ ಏನೂ ಕಾಣಲಿಲ್ಲವೆಂದು ಹುಡುಗನ ಮಾತು.

ಎರಡನೆಯ ವಾರ ಕಂಡದ್ದು ಒಂದು ಹಗ್ಗ. ಸಾಲಿನುದ್ದಕ್ಕೂ ಕೆಲಸಗಾರರ ತಲೆಯ ಮೇಲೆ ಅದು ಹಾದಿರುವದು. ಕೂಡಿಸಿದ ಅಂಗ ಸರಿಯಾಗಿ ಕೂಡ್ರದಿದ್ದರೆ, ಸಂಶಯ ಬಂದರೂ ಸಾಕು, ಕೆಲಸಗಾರನು ಹಗ್ಗ ಎಳೆಯಬೇಕು. ದೀಪ ಹತ್ತುವದು, ಸಂಗೀತ ಕೇಳುವದು, ಮೇಲಿನವನು ಧಾವಿಸಿ ಬರುವನು. ಗಾಡಿ ಗೊತ್ತಾದ ಗೆರೆಯನ್ನು ಮುಟ್ಟುವದರೊಳಗೆ ದೋಷ ತಿದ್ದಿದರೆ ಸರಿ. ಇಲ್ಲವಾದರೆ ಸಾಲೇ ನಿಲ್ಲುವದು. ತನಗಿಂತ ಚಿಕ್ಕವನಾದ ಐಟಿಐ ಹುಡುಗನೊಬ್ಬನು ಹಗ್ಗ ಎಳೆದದ್ದನ್ನು ಇವನು ಕಂಡನು. ಇವನ ಎದೆ ಝಲ್ಲೆಂದಿತಂತೆ. ಈಗ ಬೈಗಳು ಬೀಳುವದೆಂದು ಕಾದನಂತೆ. ಧಾವಿಸಿ ಬಂದವನು "ಯಾರು?" ಎಂದು ಕೇಳಲಿಲ್ಲ, "ಏನು?" ಎಂದು ಕೇಳಿದನು.

ಆ ರಾತ್ರಿ ಹುಡುಗನು ಇದನ್ನು ಫೋನಿನಲ್ಲಿ ತಂದೆಗೆ ಹೇಳಿದನು. ತಂದೆಯ ಉತ್ತರವನ್ನು ಅವರ ಮಾತಿನಲ್ಲಿಯೇ ಕೊಡುವೆನು: "ತಮ್ಮಾ, ಮಗ್ಗ ನಿಂತರ ನಮ್ಮ ಹೊಟ್ಟಿ ನಿಂತಂಗ. ಅವರಿಗೆ ತಿಂಗಳ ಪಗಾರ ಐತಿ. ನಮಗ ಸೀರಿಗೆ ಇಷ್ಟಂತ ಕೂಲಿ."

ಇದು ಅಲ್ಲಗಳೆಯುವ ಮಾತಲ್ಲ. ಹಾಸಿನ ಎಳೆ ಹರಿದದ್ದು ಕಣ್ಣಿಗೆ ಬೀಳದೆ ಮಗ್ಗ ಓಡಿದರೆ ಸೀರೆಯುದ್ದಕ್ಕೂ ಗೆರೆ ಬೀಳುವದು, ವ್ಯಾಪಾರಿಯು ಕೂಲಿಯಲ್ಲಿ ಮುರಿದುಕೊಳ್ಳುವನು. ಕಣ್ಣಿಗೆ ಬಿದ್ದು ನಿಲ್ಲಿಸಿದರೆ ಆ ಹೊತ್ತಿನ ಕೂಲಿ ಹೋಗುವದು. ಎರಡು ಕಡೆಯೂ ನಷ್ಟ ನೇಕಾರನದೇ. ನಿಲ್ಲಿಸುವ ಅಧಿಕಾರ ಕೊಡಬೇಕಾದರೆ ನಿಂತ ಹೊತ್ತಿನ ಅನ್ನವನ್ನೂ ಕೊಡಬೇಕು. ಈ ಎರಡನೆಯ ಮಾತು ಹಗ್ಗದ ಕಥೆ ಹೇಳುವ ಪುಸ್ತಕಗಳಲ್ಲಿ ಅಷ್ಟಾಗಿ ಬರುವದಿಲ್ಲ. ಮೋಟಾರು ಕಾರಖಾನೆಯಾದರೂ ಸ್ವರ್ಗವೆಂದು ತಿಳಿಯಬಾರದು. 2020ರ ನವೆಂಬರಿನಲ್ಲಿ ಬಿಡದಿಯಲ್ಲಿಯೇ ಕೆಲಸಗಾರರಿಗೂ ಆಡಳಿತಕ್ಕೂ ವಿವಾದವೆದ್ದು ಬೀಗ ಬಿದ್ದು, ಕೆಲಸದ ಹೊರೆ ಹೆಚ್ಚೆಂದು ಕೆಲಸಗಾರರು ಧರಣಿ ಕುಳಿತದ್ದು ಎಲ್ಲರೂ ಬಲ್ಲ ಸಂಗತಿ.

ಆ ಕಾರಖಾನೆಯಲ್ಲಿ ಕಲಿಸುವ ಇನ್ನೊಂದು ವಿದ್ಯೆ, ದೋಷ ಕಂಡಾಗ ಐದು ಸಲ "ಏಕೆ?" ಎಂದು ಕೇಳುವದು. ಹುಡುಗನು ರಜೆಗೆ ಬಂದಾಗ ಅದನ್ನು ಮನೆಯ ಮೂರನೆಯ ಮಗ್ಗದ ಮೇಲೆ ಪ್ರಯೋಗಿಸಿದನು. ಎಳೆ ದಿನವೂ ಒಂದೇ ಕಡೆಗೆ ಹರಿಯುವದು. ಏಕೆ? ಅಲ್ಲಿ ಫಣಿಯ ಹಲ್ಲು ಒರಟಾಗಿದೆ. ಏಕೆ? ತುಕ್ಕು. ಏಕೆ? ಮೇಲಿನಿಂದ ನೀರು ತೊಟ್ಟಿಕ್ಕುವದು. ಏಕೆ? ಹಂಚು ಒಡೆದಿದೆ. ಬೆಳಗಾವಿಯ ಮಳೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಂಚು ಏಕೆ ಬದಲಾಗಲಿಲ್ಲ? ಐದನೆಯ "ಏಕೆ"ಗೆ ತಂದೆಯವರು ಉತ್ತರ ಕೊಡಲಿಲ್ಲ. ಮಗನೂ ಮತ್ತೊಮ್ಮೆ ಕೇಳಲಿಲ್ಲ. ಆ ವರ್ಷ ಹಂಚಿಗಾಗಿ ತೆಗೆದಿಟ್ಟ ಹಣವು ಬಿಡದಿಯ ಕೋಣೆಯ ಬಾಡಿಗೆಗೆ ಹೋಗಿತ್ತೆಂದು ತಾಯಿ ನಮ್ಮ ಮನೆಯಲ್ಲಿ ಒಮ್ಮೆ ಹೇಳಿದ್ದರು.

ಉಮೇದುವಾರಿ ಮುಗಿದು ಈಗ ಕೆಲವು ತಿಂಗಳಾದವು. ಹಂಚು ಬದಲಾಗಿದೆ. ಹುಡುಗನು ಮೂರನೆಯ ಮಗ್ಗಕ್ಕೆ ಉಕ್ಕಿನ ಪಟ್ಟಿಗಳನ್ನು ತೂಗುಹಾಕುವ ಹವ್ಯಾಸದಲ್ಲಿರುವನು. ಸೀರೆಯ ಹಾಸಿನಲ್ಲಿ ಎಳೆಗಳು ಸಾವಿರಗಟ್ಟಲೆ. ಎಲ್ಲಕ್ಕೂ ಪಟ್ಟಿ ಪೋಣಿಸಹೋದರೆ ಮಗ್ಗ ವಾರಗಟ್ಟಲೆ ನಿಲ್ಲುವದು, ತಂದೆ ಒಪ್ಪರು. ಆದುದರಿಂದ ಹೆಚ್ಚಾಗಿ ಹರಿಯುವ ದಡಿಯ ಎಳೆಗಳಿಗೆ ಮಾತ್ರ, ಅದೂ ಒಂದೇ ಬದಿಗೆ. ಪಟ್ಟಿ ಬಿದ್ದರೆ ಮಗ್ಗ ನಿಲ್ಲುವದಿಲ್ಲ, ಚಿಕ್ಕ ಕೆಂಪು ದೀಪವೊಂದು ಹತ್ತುವದು. ಕಂಡಿಕೆ ಸುತ್ತುತ್ತ ಕುಳಿತ ತಾಯಿಗೆ ಕಾಣುವಂತೆ ಅದನ್ನು ಅಡಿಗೆಮನೆಯ ಬಾಗಿಲಿನೆದುರು ಕಟ್ಟಿರುವನು. ಉಳಿದ ಮೂರು ಮಗ್ಗಗಳ ಮಾತು ದೀಪಾವಳಿಯ ಲೆಕ್ಕ ಮುಗಿದ ಮೇಲೆ ಎಂದು ತಂದೆಯವರ ನಿರ್ಣಯವಾಗಿದೆ.