ಬಿಳಿಮೀನಿನ ಋಣ

ಗಾಳ ಹಿಡಿದು ನೀರಿನ ಅಂಚಿನಲ್ಲಿ ಕುಳಿತವನನ್ನು ನಮ್ಮ ಸಮಾಜ ಕೆಲಸವಿಲ್ಲದವನೆಂದೇ ಭಾವಿಸುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಆ ಆರೋಪ ಒಪ್ಪಿಗೆಯೇ. ವಾರವೆಲ್ಲ ಕೆಲಸವಿದ್ದುದರಿಂದಲೇ ಒಂದು ದಿನವಾದರೂ ಕೆಲಸವಿಲ್ಲದವನಾಗಲು ನಾನು ನದಿಯನ್ನು ಅರಸಿ ಹೋಗುತ್ತಿದ್ದೆ.

ಈ ಹುಚ್ಚು ಹತ್ತಿದ್ದು ನಮ್ಮೂರ ಕೆರೆಯ ಏರಿಯ ಮೇಲೆ. ಬಿದಿರ ಕಡ್ಡಿ, ಹೊಲಿಗೆಯ ದಾರ, ಬಗ್ಗಿಸಿದ ಗುಂಡುಸೂಜಿ, ಜೋಳದ ದಂಟಿನ ಬೆಂಡು, ಒಂದು ಎರೆಹುಳು. ಇಷ್ಟೇ ಸಲಕರಣೆ. ಮೀನು ಮನೆಯ ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ಹಿಡಿದದ್ದನ್ನು ನೀರಿಗೇ ಬಿಟ್ಟು, ಕೈ ತೊಳೆದು ಮನೆ ಸೇರುತ್ತಿದ್ದೆ. ಹಿಡಿದು ಬಿಡುವ ನೀತಿಯನ್ನು ನಾನು ಕಲಿತದ್ದು ಪರಿಸರಪ್ರೇಮದಿಂದಲ್ಲ, ಅಮ್ಮನ ಭಯದಿಂದ.

ಮುಂದೆ ಅಧಿಕಾರಿಯಾಗಿ ಹಳೆ ಮೈಸೂರು ಭಾಗಕ್ಕೆ ಬಂದಾಗ ಕಾವೇರಿ ದೊರೆತಳು. ಶಿವನಸಮುದ್ರದಲ್ಲಿ ಧುಮುಕಿದ ನದಿ ಸಂಗಮ, ಮೇಕೆದಾಟುಗಳತ್ತ ಸಾಗುವ ದಾರಿಯಲ್ಲಿ ಬಂಡೆಗಳ ನಡುವೆ ಒಮ್ಮೆ ಭೋರ್ಗರೆಯುತ್ತದೆ, ಒಮ್ಮೆ ಆಳವಾದ ಮಡುಗಳಲ್ಲಿ ಮೌನವಾಗುತ್ತದೆ. ಅಲ್ಲಿ ಹರಿಗೋಲೇ ವಾಹನ. ಬಿದಿರಿನ ಹೆಣಿಗೆಯ ಆ ದುಂಡು ಬುಟ್ಟಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಒಂದೇ ಹುಟ್ಟಿನಿಂದ ಅಂಬಿಗ ಅದನ್ನು ಸುಳಿಗಳ ನಡುವೆ ನಡೆಸುವುದನ್ನು ನೋಡಿದಾಗಲೆಲ್ಲ, ಪ್ರವಾಹದೊಡನೆ ಜಗಳವಾಡದೆ ದಡ ಸೇರುವ ಆ ವಿದ್ಯೆ ಆಡಳಿತಗಾರರಿಗೂ ಬೇಕಿತ್ತು ಅನ್ನಿಸುತ್ತಿತ್ತು.

ಆ ಮಡುಗಳ ಒಡೆಯ ಬಿಳಿಮೀನು. ಇಂಗ್ಲಿಷರು ಮಹಶೀರ್ ಎಂದು ಕರೆದ ಜಾತಿ ಇದು. ಬೆನ್ನು ಉಬ್ಬಿದ, ಕಿತ್ತಳೆ ಛಾಯೆಯ ರೆಕ್ಕೆಗಳ ಕಾವೇರಿಯ ಮಹಶೀರ್ ಜಗತ್ತಿನ ಹವ್ಯಾಸಿಗಳನ್ನು ಇಲ್ಲಿಗೆ ಸೆಳೆದಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಇಂಥ ದೈತ್ಯನಿಗೆ ಒಡ್ಡುವ ಎರೆ ನಿಂಬೆಗಾತ್ರದ, ಬೇಯಿಸಿದ ರಾಗಿಹಿಟ್ಟಿನ ಉಂಡೆ! ಮೀನು ಅದನ್ನು ಕಚ್ಚಿ ಓಡಿದರೆ ಹರಿಗೋಲು ಅದರ ಹಿಂದೆ ಓಡಬೇಕು. ನನ್ನ ಬದುಕಿನ ಅತ್ಯಂತ ದೀರ್ಘವಾದ ಅರ್ಧ ಗಂಟೆ ಅಂಥದೊಂದು ಓಟದಲ್ಲಿ ಕಳೆಯಿತು. ಕೊನೆಗೆ ಮೀನನ್ನು ನೀರಿನಲ್ಲೇ ಹಿಡಿದು, ಅದಕ್ಕೆ ಉಸಿರು ಮರಳುವವರೆಗೆ ಕಾದು, ಬಿಟ್ಟೆವು.

1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘ, ಅನಂತರ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಈ ನದಿಭಾಗದಲ್ಲಿ ಗಾಳದ ಶಿಬಿರಗಳನ್ನು ನಡೆಸಿದವು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಹೆಸರು ಹೊರನಾಡಿಗೂ ತಿಳಿದದ್ದು ಹೀಗೆ. ಹಿಡಿದ ಮೀನನ್ನು ಬಿಡಲೇಬೇಕೆಂಬುದು ಅಲ್ಲಿಯ ಕಟ್ಟಳೆ. ಹಿಂದೆ ತೋಟೆ ಸಿಡಿಸಿ ಮೀನು ಕೊಲ್ಲುತ್ತಿದ್ದ ಕೆಲವರೇ ಸಂಬಳ ಪಡೆದು ನದಿಯ ಕಾವಲುಗಾರರಾದರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಸೇವೆಯಲ್ಲಿದ್ದಾಗ ಒಂದು ಸಮಾರಂಭದಲ್ಲಿ ನಾನೂ ಹರಿಗೋಲೇರಿ, ಚಪ್ಪಾಳೆಯ ನಡುವೆ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟೆ. ನದಿಯ ಋಣ ತೀರಿಸಿದ ಹೆಮ್ಮೆ ಅಂದು. ಆದರೆ ಅವು ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸುವ ನೀಲಿ ರೆಕ್ಕೆಯ ಜಾತಿಯವು, ಕಾವೇರಿಯ ಉಬ್ಬುಬೆನ್ನಿನ ಮೀನಿನ ಸಂತಾನವಲ್ಲ. ಎಲ್ಲ ಮಹಶೀರೂ ಒಂದೇ ಎಂದು ನಂಬಿದವರಲ್ಲಿ ನಾನೂ ಒಬ್ಬ. ಮನೆಯ ಹಿರಿಯನಿಗೆ ಊರುಗೋಲು ತಂದೆವೆಂದುಕೊಂಡು ದಾಯಾದಿಯನ್ನು ಕರೆತಂದಿದ್ದೆವು.

ಇದು ಹೊರಬಿದ್ದದ್ದು ಗಾಳಿಬೋರೆಯ ಶಿಬಿರದಲ್ಲಿ ಹವ್ಯಾಸಿಗಳು ಬರೆದಿಟ್ಟ ದಾಖಲೆಗಳಿಂದ. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಆಧರಿಸಿ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೀಲಿ ರೆಕ್ಕೆಯ ಮೀನು ಹೆಚ್ಚುತ್ತ ಹೋದಂತೆ ಉಬ್ಬುಬೆನ್ನಿನದು ವಿರಳವಾಗಿತ್ತು. ಸಿಕ್ಕ ಕೆಲವೂ ವರ್ಷದಿಂದ ವರ್ಷಕ್ಕೆ ದೊಡ್ಡವಾಗಿದ್ದವು. ಎಂದರೆ ಮುದುಕರಷ್ಟೇ ಉಳಿದಿದ್ದರು, ಮಕ್ಕಳು ಹುಟ್ಟುತ್ತಿರಲಿಲ್ಲ. ಈ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯನ್ನೂ ಸೇರಿತು.

ಅಷ್ಟರಲ್ಲಿ ಶಿಬಿರಗಳಲ್ಲಿ ಗಾಳ ನಿಂತುಹೋಗಿತ್ತು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದೂ ವನ್ಯಜೀವಿ ಕಾಯ್ದೆಯಂತೆ ಬೇಟೆಯೇ ಎಂಬ ನಿಲುವಿನಿಂದ 2012ರ ವೇಳೆಗೆ ಅದಕ್ಕೆ ತೆರೆ ಬಿತ್ತು. ಕಾನೂನಿನ ಅಕ್ಷರವನ್ನು ನಾನು ಪ್ರಶ್ನಿಸಲಾರೆ. ಮೀನಿಗೆ ನೋವಾಗುವುದಿಲ್ಲವೇ ಎಂದು ಮಗಳು ಕೇಳಿದರೆ ನನ್ನಲ್ಲಿ ಸುಲಭದ ಉತ್ತರವೂ ಇಲ್ಲ. ಆದರೆ ಗಾಳದೊಂದಿಗೆ ನದಿಯನ್ನು ದಿನವೂ ಕಾಯುತ್ತಿದ್ದ ಕಣ್ಣುಗಳೂ, ಲೆಕ್ಕ ಬರೆಯುತ್ತಿದ್ದ ಪುಸ್ತಕವೂ ಹೋದವು. ತೋಟೆ ಸಿಡಿಸುವವನು ಲೆಕ್ಕ ಬರೆಯುವುದಿಲ್ಲ.

ಅರ್ಥಶಾಸ್ತ್ರ ಓದುವಾಗ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಬಂಧವೊಂದನ್ನು ನಮಗೆ ಪಾಠ ಮಾಡಿದ್ದರು. ಯಾರದೂ ಅಲ್ಲದ ಗೋಮಾಳ ಎಲ್ಲರಿಂದಲೂ ಹಾಳಾಗುತ್ತದೆ ಎಂಬುದು ಅದರ ತಿರುಳು. ನಿಯಮವನ್ನು ತಾವೇ ರೂಪಿಸಿ, ತಾವೇ ಕಾಯುವ ಸ್ಥಳೀಯರು ಅದನ್ನು ಉಳಿಸಿಕೊಳ್ಳಬಲ್ಲರೆಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ದೊರೆಯಿತು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನನ್ನು ಯಾರೂ ಮುಟ್ಟದಿರುವುದು ಈ ಮಾತಿಗೆ ನಮ್ಮದೇ ನಿದರ್ಶನ. ಅಲ್ಲಿ ಭಕ್ತಿ ಕಾವಲು ಕಾಯುತ್ತದೆ. ಕಾಡಿನ ಮಡುಗಳಲ್ಲಿ ಆ ಕೆಲಸವನ್ನು ದಡದ ಜನರ ಜೀವನೋಪಾಯ ಮಾಡಬೇಕು.

ಆಗಬೇಕಾದದ್ದು ಅಸಾಧ್ಯವೇನಲ್ಲ. ಜಾತಿ, ಮೂಲ ತಿಳಿಯದ ಮರಿಗಳನ್ನು ಯಾವ ನದಿಗೂ ಬಿಡಕೂಡದು. ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ ಮೀನಿನ ಗಣತಿ ಮತ್ತೆ ನಡೆಯಬೇಕು. ಅಂಬಿಗರ, ಹಳೆಯ ಕಾವಲುಗಾರರ ಅನುಭವಕ್ಕೆ ಅದರಲ್ಲಿ ಸಂಬಳದ ಸ್ಥಾನವಿರಬೇಕು. ಮೇಕೆದಾಟು ಜಲಾಶಯದ ಚರ್ಚೆಯಲ್ಲಿ ಟಿಎಂಸಿಗಳ ಲೆಕ್ಕದ ಪಕ್ಕದಲ್ಲಿ ಈ ಮೀನಿನ ಹೆಸರೂ ಒಮ್ಮೆ ಕೇಳಿಬರಬೇಕು.

ನಿವೃತ್ತಿಯ ನಂತರ ನಾನು ಮತ್ತೆ ಕೆರೆಯ ಏರಿಗೆ ಮರಳಿದ್ದೇನೆ. ಮೊಮ್ಮಗನ ಕೈಯಲ್ಲಿ ಬಿದಿರ ಕಡ್ಡಿ, ನನ್ನ ಮಡಿಲಲ್ಲಿ ಒಂದು ನೋಟುಪುಸ್ತಕ. ಯಾವ ಮೀನು, ಎಷ್ಟು ಉದ್ದ, ಯಾವ ದಿನ ಎಂದು ಬರೆದುಕೊಂಡು ಅದನ್ನು ನೀರಿಗೆ ಬಿಡುತ್ತೇವೆ. ಕಾವೇರಿಯ ಬಿಳಿಮೀನನ್ನು ನೋಡುವುದು ಯಾವಾಗ ಎಂದು ಅವನು ಕೇಳುತ್ತಿರುತ್ತಾನೆ. ಮರಿ ಬಿಟ್ಟ ದಿನದ ಚಪ್ಪಾಳೆ ನನಗೆ ಆಗ ನೆನಪಾಗುತ್ತದೆ.