ಬೆನ್ನುಮಣಿ ಜಾರಿದೆಯೇ? ಗಾಬರಿ ಬೇಡ

ಇಳಕಲ್ಲಿನ ಕುಣಿಮಗ್ಗದ ನೇಕಾರರಿಗೂ ಹುನಗುಂದ ಸೀಮೆಯ ರೈತರಿಗೂ ಸೊಂಟನೋವು ಹೊಸದಲ್ಲ. ಆದರೆ ಮಲ್ಲಕಂಬ ಏರುವ, ವೇಗದ ಬೌಲಿಂಗ್ ಮಾಡುವ ಮಕ್ಕಳು ವಾರಗಟ್ಟಲೆ ಸೊಂಟ ಹಿಡಿದುಕೊಂಡರೆ ಅದನ್ನು ಶಾಲೆ ತಪ್ಪಿಸುವ ನೆಪವೆನ್ನಬೇಡಿ. ಪದೇ ಪದೇ ಹಿಂದಕ್ಕೆ ಬಾಗುವುದರಿಂದ ಬೆನ್ನುಮಣಿಯ ಹಿಂಬದಿಯಲ್ಲಿ ಬಿರುಕು ಬಿಟ್ಟು, ಮಣಿ ಮುಂದಕ್ಕೆ ಜಾರಬಹುದು, ಇದೇ ಸ್ಪಾಂಡಿಲೋಲಿಸ್ಥೆಸಿಸ್.

ಎಕ್ಸ್‌ರೇಯಲ್ಲಿ ಜಾರಿಕೆ ಶೇ 50ರೊಳಗಿದ್ದರೆ ಬಹುತೇಕ ಮಕ್ಕಳಿಗೆ ಕೆಲವು ತಿಂಗಳು ಆಟಕ್ಕೆ ವಿರಾಮ, ಹೊಟ್ಟೆ-ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಬೇಕಾದರೆ ಬೆಲ್ಟ್ ಸಾಕು. ಜಾರಿಕೆ ಹೆಚ್ಚುತ್ತಿದ್ದರೆ, ಆರು ತಿಂಗಳಾದರೂ ನೋವು ಬಗ್ಗದಿದ್ದರೆ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯ ಯೋಚನೆ. ಬೆನ್ನು ತುಳಿಸುವುದು, ಎಳೆಸುವುದು ಬೇಡ. ಕಾಲು ಸೋತರೆ, ಮೂತ್ರದ ಹತೋಟಿ ತಪ್ಪಿದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ನೋವಿಳಿದ ಮೇಲೆ ಹೆಚ್ಚಿನವರು ಆಟಕ್ಕೆ ಮರಳುತ್ತಾರೆ.