ಚಕ್ಕಡಿ ದಾರಿಯ ಮುಂದಿನ ವಾರಸುದಾರ

ಗದಗ–ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಊರುಗಳನ್ನು ಜೋಡಿಸುವ ಡಾಂಬರು ರಸ್ತೆಗಳು ಎಲ್ಲರಿಗೂ ಗೊತ್ತು. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು, ಮರಳಿನ ಟಿಪ್ಪರು ಎಲ್ಲವೂ ಓಡುವುದು ಅಲ್ಲೇ. ಆ ರಸ್ತೆಗಳ ನಡುವೆ ಇನ್ನೊಂದು ಜಾಲ ಹರಡಿಕೊಂಡಿದೆ. ಹೊಲಕ್ಕೆ ಹೋಗುವ ಚಕ್ಕಡಿ ದಾರಿ, ಕೆರೆಯ ಏರಿ, ಕಾಲುವೆಯ ದಂಡೆ, ಗುಡ್ಡದ ಸೆರಗಿನ ಗರಸು ರಸ್ತೆ ಎಲ್ಲ ಸೇರಿದ ಜಾಲ ಅದು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆ ತಿರುಗಿ ಬರುವವರೆಗೆ ಈ ದಾರಿಗಳು ಬಹುಪಾಲು ಖಾಲಿ ಇರುತ್ತವೆ. ಗ್ರಾವೆಲ್ ಬೈಕಿಂಗ್ ಎಂಬ ಹೆಸರಿನಲ್ಲಿ ಯುರೋಪು, ಅಮೆರಿಕದ ಸೈಕಲ್ ಸವಾರರು ಹುಡುಕಿಕೊಂಡು ಹೋಗುವುದು ಇಂಥದ್ದೇ ದಾರಿಯನ್ನು: ವಾಹನ ದಟ್ಟಣೆ ಇರಬಾರದು, ಡಾಂಬರು ಇರಬಾರದು, ಗಂಟೆಗೊಂದು ಬಗೆಯ ನೆಲ ಕಾಣಬೇಕು. ಅಂಥ ಸವಾರಿಗೆ ಗದಗ ಜಿಲ್ಲೆಯ ಈ ಭಾಗದಲ್ಲಿ ಹೊಸ ರಸ್ತೆ ಕಟ್ಟುವ ಅಗತ್ಯವೇ ಇಲ್ಲ. ಇರುವುದನ್ನು ಗುರುತಿಸಿ ಉಳಿಸಿಕೊಂಡರೆ ಸಾಕು. ಈ ದಾರಿಗಳು ಹುಟ್ಟಿದ ಬಗೆಯನ್ನು ನೋಡಿದರೆ, ಅವು ಉಳಿಯುವ ಬಗೆ ಯಾವುದು ಎಂಬುದೂ ತಿಳಿಯುತ್ತದೆ.

ಇವುಗಳಿಗೆ ಮೊದಲು ಗಾಲಿಯ ಜಾಡು ಬೀಳಿಸಿದ್ದರಲ್ಲಿ ಹತ್ತಿಯ ಪಾಲು ದೊಡ್ಡದು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಕರಿಮಣ್ಣಿನ ಎರಿ ಹೊಲಗಳ ಹತ್ತಿ ಎತ್ತಿನ ಮೇಲೆ, ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಮುಂಬೈಗೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ಪೇಟೆಯಲ್ಲಿ ಅದು ಕುಮಟಾ ಹತ್ತಿ ಎನಿಸಿಕೊಂಡಿತು. 1840ರ ದಶಕದಲ್ಲಿ ಅಮೆರಿಕದ ತಳಿ ಇಲ್ಲಿ ಬೇರೂರಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗ ಮುಟ್ಟಿದ ಮೇಲೆ ಚಕ್ಕಡಿಗಳು ಪಡುವಣ ಬಿಟ್ಟು ಗದಗದ ಕಡೆಗೆ ಮುಖ ಮಾಡಿದವು. ಆದರೆ ಈ ನಾಲ್ಕು ಊರುಗಳಿಗೆ ಆಗ ಒಬ್ಬ ಒಡೆಯನಿರಲಿಲ್ಲ. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಗದಗ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. 1948ರ ವಿಲೀನದವರೆಗೆ ಇದೇ ಸ್ಥಿತಿ. ಇಂಥ ಹರಿದು ಹಂಚಿದ ಸೀಮೆಯಲ್ಲಿ ಊರಿಂದ ಊರಿಗೆ ದಾರಿ ಉಳಿಸಿಕೊಂಡು ಬಂದದ್ದು ಸರ್ಕಾರಗಳಿಗಿಂತ ಹೆಚ್ಚಾಗಿ ಸಂತೆ, ಜಾತ್ರೆ ಮತ್ತು ಬೀಗತನ ಎಂದೇ ನಾನು ತಿಳಿಯುತ್ತೇನೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ, ಲಕ್ಷ್ಮೇಶ್ವರದ ಸೋಮೇಶ್ವರನಿಗೆ ನಡೆದುಕೊಳ್ಳುವ ಭಕ್ತರು ಸಂಸ್ಥಾನದ ಗಡಿ ಕೇಳಿ ಹೊರಟವರಲ್ಲ.

ಕಾಲಿನಿಂದ, ಗಾಲಿಯಿಂದ ಹುಟ್ಟಿದ ಈ ದಾರಿಗಳನ್ನು ಕಾಗದದ ಮೇಲೆ ತಂದದ್ದು ಕಂದಾಯ ಮೋಜಣಿ. ಬ್ರಿಟಿಷ್ ಧಾರವಾಡದಲ್ಲಿ 1840ರ ದಶಕದಲ್ಲಿ ಆರಂಭವಾದ ಅಳತೆ ಹೊಲಹೊಲಕ್ಕೂ ಸರ್ವೆ ನಂಬರು ಕೊಟ್ಟಿತು. ಗ್ರಾಮ ನಕಾಶೆಯಲ್ಲಿ ಎರಡು ಸಾಲು ಚುಕ್ಕೆಗೆರೆ ಇದ್ದರೆ ಬಂಡಿ ದಾರಿ, ಒಂದೇ ಸಾಲಿದ್ದರೆ ಕಾಲುದಾರಿ. ಇಂದಿಗೂ ದಾರಿಯ ತಕರಾರು ತಹಶೀಲ್ದಾರರ ಮುಂದೆ ಬಂದಾಗ ಮೊದಲು ಬಿಚ್ಚುವುದು ಅದೇ ನಕಾಶೆಯನ್ನು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಸಾರ್ವಜನಿಕ ಬಳಕೆಗೆ ಬಿಟ್ಟ ಇಂಥ ನೆಲವನ್ನು ಪಹಣಿಯಲ್ಲಿ ‘ಬ’ ಖರಾಬು ಎಂದು ಬೇರೆಯಾಗಿ ತೋರಿಸುತ್ತಾರೆ. ಖಾಸಗಿ ಹೊಲದೊಳಗೆ ಹಾದುಹೋಗುವ ದಾರಿಗೆ ಬೇರೆ ಆಧಾರವಿದೆ. ಇಪ್ಪತ್ತು ವರ್ಷ ತಡೆಯಿಲ್ಲದೆ ಓಡಾಡಿದವರಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆ ದಾರಿಯ ಹಕ್ಕು ಕೊಡುತ್ತದೆ. ಅಂದರೆ ಚಕ್ಕಡಿ ದಾರಿ ಯಾರದೋ ದಾಕ್ಷಿಣ್ಯದ ಮೇಲೆ ನಿಂತದ್ದಲ್ಲ, ಅದಕ್ಕೆ ಕಾನೂನಿನ ಬೆನ್ನೆಲುಬಿದೆ. ಆದರೂ ವರ್ಷಕ್ಕೊಂದು ಸಾಲು ಒತ್ತಿ ಉಳುತ್ತ ಹೋದರೆ ಬಂಡಿ ದಾರಿ ಕಾಲುದಾರಿಯಾಗಿ, ಕಾಲುದಾರಿ ಬದುವಾಗಿ ಬಿಡುತ್ತದೆ. ಹಾಗೆ ನುಂಗಿಹೋದ ದಾರಿಗಳಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ ಊರುಗಳು ಕಡಿಮೆಯಿಲ್ಲ.

ಈ ದಾರಿಗಳು ವಾಹನಗಳಿಂದ ಮುಕ್ತವಾದದ್ದು ಡಾಂಬರಿನ ಕಾರಣಕ್ಕೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ರಾಜ್ಯದ ಬೇರೆ ಬೇರೆ ಯೋಜನೆಗಳು ಹಳ್ಳಿಗಳನ್ನು ಪಕ್ಕಾ ರಸ್ತೆಗೆ ಜೋಡಿಸಿದವು. ಬಸ್ಸು, ಟಂಟಂ, ಮೋಟರ್ ಸೈಕಲ್ ಆ ಕಡೆ ಹೋದವು, ಹಳೆಯ ಒಳದಾರಿಗಳಿಗೆ ಹೊಲದ ಕೆಲಸವೊಂದೇ ಉಳಿಯಿತು. ಅವು ಗರಸಾಗಿಯೇ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ, ಅದರ ಕಡೆ ಗಮನ ಹೋಗುವುದು ಕಡಿಮೆ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಹೊಲದ ದಾರಿಗಳಿಗೆ ಮಣ್ಣು ಏರಿಸಿ ಗರಸು ಹಾಕಿದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆಯ ಹಣದಲ್ಲಿ. ಆ ಕಾಯ್ದೆಯಲ್ಲಿ ಕೂಲಿಗೆ ಕನಿಷ್ಠ 60 ಪಾಲು, ಸಾಮಗ್ರಿಗೆ ಗರಿಷ್ಠ 40 ಪಾಲು ಎಂಬ ಲೆಕ್ಕವಿತ್ತು, ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ. ಡಾಂಬರಿನ ಕೆಲಸದಲ್ಲಿ ಖರ್ಚೆಲ್ಲ ಸಾಮಗ್ರಿಗೇ ಹೋಗುತ್ತದೆ. ಬುಟ್ಟಿ, ಸಲಿಕೆ ಹಿಡಿದ ಕೈಗಳು ಮಾಡಬಹುದಾದದ್ದು ಮಣ್ಣು ಮತ್ತು ಗರಸಿನ ದಾರಿ. ಕೂಲಿಕಾರರ ಹಿತಕ್ಕೆಂದು ಹಾಕಿದ ಆ ಲೆಕ್ಕ, ಬಯಸದೆಯೇ ಸೈಕಲ್ಲಿಗೆ ಒಪ್ಪುವ ದಾರಿಯನ್ನು ಕೊಟ್ಟಿತು.

ಈಗ ನೆಲ ನೋಡೋಣ. ಲಕ್ಷ್ಮೇಶ್ವರದ ಸುತ್ತ ಕಣ್ಣು ಹಾಯುವವರೆಗೆ ಎರಿ: ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಶಿರಹಟ್ಟಿಯ ಕಡೆ ಬಂದಂತೆ ಮಣ್ಣು ಕೆಂಪಾಗುತ್ತದೆ, ಶೇಂಗಾದ ಮಸಾರಿ ಹೊಲಗಳ ಆಚೆ ಕಪ್ಪತಗುಡ್ಡ ಏಳುತ್ತದೆ. ಗದಗ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು ಅರವತ್ತು ಕಿಲೊಮೀಟರ್ ಸಾಗುವ ಸಾಲು ಅದು. ಅದರ ಮೂಡಣ ಮಗ್ಗುಲಲ್ಲಿ ಡಂಬಳದ ಕೆರೆ ಮತ್ತು ದೊಡ್ಡಬಸಪ್ಪನ ಗುಡಿ, ಇನ್ನೂ ತೆಂಕಲಿಗೆ ಹಮ್ಮಿಗಿ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿಯ ಕಾಲುವೆಗಳು. ಒಂದೇ ದಿನದ ಸವಾರಿಯಲ್ಲಿ ಎರಿ, ಮಸಾರಿ, ಗುಡ್ಡ, ಹೊಳೆದಂಡೆ ಎಲ್ಲವೂ ಸಿಗುವ ಸೀಮೆ ಬಯಲುನಾಡಿನಲ್ಲಿ ಅಪರೂಪ. ಹತ್ತಿರದಿಂದ ನೋಡಿದರೆ ಚಕ್ಕಡಿ ದಾರಿಗೆ ಅದರದೇ ರಚನೆಯಿದೆ. ಎರಡು ಜಾಡು, ನಡುವೆ ಗರಿಕೆ ಬೆಳೆದ ದಿಂಡು, ಎರಡೂ ಕಡೆ ಬೇವು, ಜಾಲಿ ನಿಂತ ಬದು. ಚಕ್ಕಡಿಯ ಕಬ್ಬಿಣದ ಪಟ್ಟಿ ಜಾಡನ್ನು ಕೊರೆದು ಹುಡಿ ಮಾಡುತ್ತಿತ್ತು. ಟ್ರ್ಯಾಕ್ಟರಿನ ಒಂದಡಿಗೂ ಮಿಕ್ಕಿದ ಅಗಲದ ಹಿಂಗಾಲಿ ಅದೇ ಜಾಡನ್ನು ಒತ್ತಿ, ಗಟ್ಟಿ ಮಾಡಿ, ಬೇಸಿಗೆಯ ಹೊತ್ತಿಗೆ ನುಣುಪಾದ ಪಟ್ಟಿಯಾಗಿಸುತ್ತದೆ. ಸೈಕಲ್ ಓಡಬೇಕಾದದ್ದು ಆ ಪಟ್ಟಿಯ ಮೇಲೆ.

ಮಳೆಗಾಲದಲ್ಲಿ ಎರಿ ದಾರಿಯಲ್ಲಿ ಸೈಕಲ್ ತುಳಿಯಲು ಸಾಧ್ಯವೇ ಎಂದು ಯಾರಾದರೂ ಕೇಳಬಹುದು. ಸಾಧ್ಯವಿಲ್ಲ. ಹಸಿ ಎರಿ ಗಾಲಿಗೆ ಮೆತ್ತಿ, ಮಡಗಾರ್ಡಿನಲ್ಲಿ ತುಂಬಿ, ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಆದರೆ ಮಸಾರಿ ನೀರು ಹಿಡಿಯುವುದಿಲ್ಲ, ಮಳೆ ನಿಂತು ಕೆಲವೇ ತಾಸಿಗೆ ಗಾಲಿಯ ಭಾರ ತಡೆಯುತ್ತದೆ. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಶಿರಹಟ್ಟಿ, ಡೋಣಿ, ಡಂಬಳದ ಕೆಂಪು ನೆಲ. ಜೋಳ ಕೊಯ್ಲಿನ ಹೊತ್ತಿಗೆ ಲಕ್ಷ್ಮೇಶ್ವರದ ಎರಿ. ಹೀಗೆ ಮಣ್ಣು ನೋಡಿ ದಾರಿ ಆರಿಸಿಕೊಳ್ಳಬೇಕು, ರೈತರು ಬಿತ್ತನೆಗೆ ಮಾಡುವುದೂ ಅದನ್ನೇ. ದುಬಾರಿ ಸೈಕಲ್ಲುಳ್ಳ ನಗರದವರ ಹವ್ಯಾಸಕ್ಕೆ ಹಳ್ಳಿಯ ದಾರಿ ಏಕೆ ಎಂಬುದು ಇನ್ನೊಂದು ಆಕ್ಷೇಪ. ಲಕ್ಷ ರೂಪಾಯಿಯ ಗ್ರಾವೆಲ್ ಬೈಕಿನ ಟೈರು ಸಾಮಾನ್ಯವಾಗಿ 40 ಮಿಲಿಮೀಟರ್ ಆಸುಪಾಸು ಅಗಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ನಮ್ಮ ಹಳೆಯ ದೊಡ್ಡ ಸೈಕಲ್ಲಿನ 28 ಇಂಚಿನ, ಒಂದೂವರೆ ಇಂಚು ಅಗಲದ ಟೈರೂ ಸರಿಸುಮಾರು ಅಷ್ಟೇ. 2006–07ರಿಂದ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟ ವರ್ಷಗಳಲ್ಲಿ ಹಳ್ಳಿಯ ಮಕ್ಕಳು ಹೈಸ್ಕೂಲಿಗೆ ಹೋದದ್ದು ಇಂಥ ಒಳದಾರಿಗಳಲ್ಲೇ. ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ಕೆಲವು ವರ್ಷಗಳ ಹಿಂದೆ ಬಿಂಕದಕಟ್ಟಿಯ ಗುಡ್ಡದಲ್ಲಿ ನಡೆದಿದೆ. ಸೈಕಲ್ ಈ ನೆಲಕ್ಕೆ ಹೊರಗಿನದಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರೈತರದು: ನಮಗೆ ಡಾಂಬರು ಬೇಕು, ನಿಮ್ಮ ಸವಾರಿಗಾಗಿ ನಾವು ಧೂಳು ತಿನ್ನಬೇಕೇ? ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಊರಿಂದ ಊರಿಗೆ, ಆಸ್ಪತ್ರೆಗೆ, ಶಾಲೆಗೆ ಹೋಗುವ ರಸ್ತೆಗೆ ಡಾಂಬರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲದ ದಾರಿಯ ಮಾತು ಬೇರೆ. ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ತಳಪಾಯ ಬಿಗಿಯಾಗಿಲ್ಲದ ತೆಳು ಡಾಂಬರು ಅದರ ಮೇಲೆ ಬಹಳ ಕಾಲ ನಿಲ್ಲುವುದಿಲ್ಲ, ಕಿತ್ತುಹೋದ ಡಾಂಬರು ಗರಸಿಗಿಂತ ಕೆಟ್ಟದ್ದು. ಗರಸು ದಾರಿ ಕೆಟ್ಟರೆ ಊರವರೇ ಎರಡು ಟ್ರ್ಯಾಲಿ ಗರಸು ಸುರಿದು ಸರಿಮಾಡಬಹುದು. ಇನ್ನು ಡಾಂಬರು ಬಿದ್ದ ಒಳದಾರಿಯನ್ನು ಹುಡುಕಿಕೊಂಡು ಮೊದಲು ಬರುವುದು ಹೊಳೆಯ ಮರಳು ಹೊತ್ತ ಟಿಪ್ಪರು. ರೈತರಿಗೆ ನಿಜವಾಗಿ ಬೇಕಾದದ್ದು ಮಳೆಯಲ್ಲೂ ಟ್ರ್ಯಾಕ್ಟರು ಹೂಳದ ದಾರಿ: ನಡು ಎತ್ತರಿಸಿದ ಮಣ್ಣು, ಎರಡೂ ಬದಿ ಚರಂಡಿ, ಹಳ್ಳ ದಾಟುವಲ್ಲಿ ಮೋರಿ, ವರ್ಷಕ್ಕೊಮ್ಮೆ ಗರಸು ಮತ್ತು ರೋಲರು. ಸೈಕಲ್ಲಿಗೆ ಬೇಕಾದದ್ದೂ ಅದಕ್ಕಿಂತ ಹೆಚ್ಚಲ್ಲ. ಇಟಲಿಯ ಟಸ್ಕನಿಯಲ್ಲಿ ಇದೇ ವಾದ ಗೆದ್ದ ಉದಾಹರಣೆಯಿದೆ. ಅಲ್ಲಿನ ಹೊಲಗಳ ನಡುವಿನ ಬಿಳಿ ಗರಸು ದಾರಿಗಳಿಗೆಲ್ಲ ಡಾಂಬರು ಬೀಳುವುದನ್ನು ತಡೆಯಲು 1997ರಲ್ಲಿ 92 ಜನ ಹಳೆಯ ಸೈಕಲ್ ಏರಿ ಎರೋಯಿಕಾ ಎಂಬ ಸವಾರಿ ಆರಂಭಿಸಿದರು. ಹತ್ತು ವರ್ಷ ತುಂಬುವ ಹೊತ್ತಿಗೆ, 2007ರಲ್ಲಿ, ಅದೇ ದಾರಿಗಳ ಮೇಲೆ ವೃತ್ತಿಪರರ ಸ್ಪರ್ಧೆಯೂ ಶುರುವಾಯಿತು. ಆ ದಾರಿಗಳಲ್ಲಿ ಇಂದಿಗೂ ಟ್ರ್ಯಾಕ್ಟರು ಓಡುತ್ತವೆ, ಸೈಕಲ್ಲೂ ಓಡುತ್ತವೆ.

ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಸವಾರಿಯಿಂದ ಕಾಡಿಗೆ, ಹಕ್ಕಿಗಳಿಗೆ ತೊಂದರೆಯಾಗಬಾರದು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ವಿಸ್ತಾರ 244 ಚದರ ಕಿಲೊಮೀಟರ್. ಗಣಿಯ ಕಣ್ಣಿನಿಂದ ಅದನ್ನು ಉಳಿಸಲು ಗದಗದ ತೋಂಟದ ಸಿದ್ಧಲಿಂಗ ಶ್ರೀಗಳು ಮತ್ತು ಸುತ್ತಲಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಗಾಳಿಯಂತ್ರ ನಿಲ್ಲಿಸಲು ನೆತ್ತಿಯವರೆಗೆ ಕಡಿದ ರಸ್ತೆಗಳು ಅಲ್ಲಿವೆ. ಸೈಕಲ್ಲಿಗೆ ಆಸೆ ಹುಟ್ಟಿಸುವ ದಾರಿಗಳೇ, ಆದರೆ ಅವು ಗುಡ್ಡದ ಮೈಮೇಲಿನ ಗಾಯ. ಸವಾರಿ ಗುಡ್ಡದ ಸೆರಗಿನ ಕಂದಾಯ ಭೂಮಿಯಲ್ಲೇ ಇರಲಿ, ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಲಿ ಹೋಗಬಾರದು. ಇದೇ ಸೀಮೆಯ ಮಾಗಡಿ ಕೆರೆಗೂ ಇದೇ ಮಾತು. 2024ರ ಜನವರಿಯಲ್ಲಿ ರಾಮ್ಸರ್ ಜೌಗುನೆಲಗಳ ಪಟ್ಟಿ ಸೇರಿದ ಆ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ತಿಂಗಳುಗಳಲ್ಲಿ ಏರಿಯ ಮೇಲೆ ಸೈಕಲ್ ಗುಂಪು ಬೇಡ.

ಈ ದಾರಿಗಳನ್ನು ಗುರುತಿಸಿ ಉಳಿಸಿಕೊಳ್ಳಲು ಕೋಟಿಗಳ ಯೋಜನೆ ಬೇಕಿಲ್ಲ. ಗದಗದ ಮಗ್ಗುಲಲ್ಲೇ, ನಾಗಾವಿಯಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಹಂಗಾಮಿನಲ್ಲಿ ನಾಲ್ಕು ತಾಲ್ಲೂಕುಗಳ ಗ್ರಾಮ ನಕಾಶೆ ಹಿಡಿದು ಯಾವ ಬಂಡಿ ದಾರಿ ಉಳಿದಿದೆ, ಯಾವುದು ಒತ್ತುವರಿಯಾಗಿದೆ, ಯಾವುದು ಯಾವ ಮಣ್ಣಿನ ಮೇಲಿದೆ ಎಂದು ಗುರುತಿಸಬಹುದು. ಆ ಪಟ್ಟಿ ಸವಾರರಿಗಿಂತ ಮೊದಲು ರೈತರಿಗೆ ಉಪಯೋಗ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆಯ ಕೆಲಸ ಚರ್ಚೆಗೆ ಬಂದಾಗ ನಿಮ್ಮೂರಿನ ನಕಾಶೆ ತರಿಸಿ, ಎರಡು ಸಾಲು ಚುಕ್ಕೆಗೆರೆ ಎಲ್ಲೆಲ್ಲಿ ಹಾದಿದೆ ನೋಡಿ. ಆ ದಾರಿಗೆ ಗರಸು ಮತ್ತು ಚರಂಡಿ ಕೇಳಿ, ಅದೇ ಠರಾವಿನಲ್ಲಿ ಒತ್ತುವರಿ ತೆರವನ್ನೂ ಬರೆಸಿ.